ಜವಳಿ ಅಂಗಡಿಯಿಂದ ವಿಜ್ಞಾನಕಥಾಲೋಕಕ್ಕೆ: ಎಚ್. ಜಿ. ವೆಲ್ಸ್

1866ರ ಸೆಪ್ಟೆಂಬರ್ 21ರಂದು ಇಂಗ್ಲೆಂಡಿನ ಬ್ರಾಮ್ಲಿಯಲ್ಲಿ ಬಡ ಅಂಗಡಿಕಾರರೊಬ್ಬರ ಮಗನಾಗಿ ಹರ್ಬರ್ಟ್ ಜಾರ್ಜ್ ವೆಲ್ಸರು ಜನಿಸಿದರು. ಬಾಲ್ಯದಲ್ಲಿ ಕಾಲು ಮುರಿದು ಹಾಸಿಗೆ ಹಿಡಿದಾಗ ಅವರಿಗೆ ಪುಸ್ತಕಗಳ ಗೆಳೆತನವಾಯಿತು. ಮನೆಯ ಬಡತನವು ಅವರನ್ನು ಸೌತ್‌ಸಿಯ ಜವಳಿ ಅಂಗಡಿಗೆ ದೂಡಿತು. ಎರಡು ವರ್ಷ ಅಲ್ಲಿ ಬೆಂದು, 1883ರಲ್ಲಿ ತಾಯಿಯನ್ನು ಒಡಂಬಡಿಸಿ ಹೊರಬಂದರು. ಮಿಡ್‌ಹರ್ಸ್ಟ್ ಶಾಲೆಯ ಮುಖ್ಯೋಪಾಧ್ಯಾಯ ಹೊರೇಸ್ ಬಯಟ್ಟರು ಅವರಿಗೆ ಕಲಿಯುತ್ತಲೇ ಕಲಿಸುವ ಅವಕಾಶವಿತ್ತರು. ಮರುವರ್ಷವೇ ವಿದ್ಯಾರ್ಥಿವೇತನ ಪಡೆದು ಲಂಡನ್ನಿನಲ್ಲಿ ಟಿ. ಎಚ್. ಹಕ್ಸ್‌ಲಿಯವರಿಂದ ಜೀವಶಾಸ್ತ್ರವನ್ನು ಅಭ್ಯಸಿಸಿದರು. 1887ರ ಅಂತಿಮ ಪರೀಕ್ಷೆಯಲ್ಲಿ ಸೋತರೂ ಎದೆಗುಂದದೆ, ಶಿಕ್ಷಕವೃತ್ತಿಯಲ್ಲಿದ್ದುಕೊಂಡೇ 1890ರಲ್ಲಿ ಪದವೀಧರರಾದರು. 1893ರಲ್ಲಿ ಅನಾರೋಗ್ಯವು ಬೋಧನೆಯನ್ನು ಬಿಡಿಸಿದಾಗ ಲೇಖನಿಯೇ ಜೀವನಾಧಾರವಾಯಿತು. 1895ರಲ್ಲಿ ‘ದಿ ಟೈಮ್ ಮೆಷಿನ್’ ಪ್ರಕಟವಾಗಿ ಕೀರ್ತಿ ತಂದಿತು. 1946ರ ಆಗಸ್ಟ್ 13ರಂದು ಅವರು ಕಾಲವಾದರು. ಶಾಲೆಯೊಂದು ಸಕಾಲದಲ್ಲಿ ತೆರೆದ ಬಾಗಿಲು ಬಡ ಬಾಲಕನೊಬ್ಬನ ಬಾಳನ್ನೇ ಬದಲಿಸಿತು.