ಕಲ್ಲನ್ನು ಓದಿದ ವ್ಯಾಪಾರಿ: ಜೇಮ್ಸ್ ಫರ್ಗ್ಯುಸನ್

ನಮ್ಮ ಜಾಲಿಯಿಂದ ಮೂಡಭಟ್ಕಳಕ್ಕೆ ಹೋದವರು ಕೇತಪೈ ನಾರಾಯಣ ದೇವಾಲಯದ ಇಳಿಜಾರಾದ ಕಲ್ಲುಮಾಡನ್ನು ನೋಡಿಯೇ ಇರುತ್ತಾರೆ. ನೋಡುವುದು ಸುಲಭ, ಅದು ಹಾಗೇಕಿದೆಯೆಂದು ಕೇಳುವುದು ಕಷ್ಟ. ಭಾರತದ ಕಟ್ಟಡಗಳನ್ನು ಕುರಿತು ಈ ಪ್ರಶ್ನೆಯನ್ನು ಕ್ರಮವಾಗಿ ಕೇಳಿದ ಮೊದಲಿಗರಲ್ಲಿ ಜೇಮ್ಸ್ ಫರ್ಗ್ಯುಸನ್ ಒಬ್ಬನು. ಪುಣೆಯ ಕಾಲೇಜಿಗೆ ಹೆಸರು ಕೊಟ್ಟ ಗವರ್ನರನು ಬೇರೆ, ಈತನು ಬೇರೆ.

ಸ್ಕಾಟ್ಲೆಂಡಿನ ಏರ್ ಪಟ್ಟಣದಲ್ಲಿ 1808ರಲ್ಲಿ ಸೇನಾವೈದ್ಯನೊಬ್ಬನ ಮಗನಾಗಿ ಹುಟ್ಟಿದ ಈತನು ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಲಿಲ್ಲ. ಎಳೆಯ ಪ್ರಾಯದಲ್ಲೇ ಕಲ್ಕತ್ತೆಗೆ ಬಂದು, ಅಣ್ಣನು ಪಾಲುದಾರನಾಗಿದ್ದ ವ್ಯಾಪಾರ ಸಂಸ್ಥೆಯನ್ನು ಸೇರಿ, ಮುಂದೆ ನೀಲಿಯ ಕಾರಖಾನೆಯಿಂದ ಹಣ ಗಳಿಸಿದನು. ಆ ಹಣದಿಂದ ಸುಖವಾಗಿ ಕುಳಿತುಕೊಳ್ಳಬಹುದಿತ್ತು. ಆತನಾದರೋ ದೇಶವನ್ನೆಲ್ಲ ಸುತ್ತಿ ಗುಹೆ, ಗುಡಿ, ಮಸೀದಿಗಳನ್ನು ಅಳೆದು ಚಿತ್ರ ಬರೆದನು.

1845ರಲ್ಲಿ ಗುಹಾದೇವಾಲಯಗಳ ಮೇಲಿನ ಗ್ರಂಥ ಹೊರಬಂದಿತು. 1866ರಲ್ಲಿ ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ಛಾಯಾಚಿತ್ರಗಳ ದೊಡ್ಡ ಸಂಪುಟಕ್ಕೆ ಮೆಡೋಸ್ ಟೇಲರನೊಡನೆ ಬರಹ ಒದಗಿಸಿದನು. 1876ರಲ್ಲಿ ಭಾರತೀಯ ಹಾಗೂ ಪೌರಸ್ತ್ಯ ವಾಸ್ತುಶಿಲ್ಪದ ಇತಿಹಾಸ ಪ್ರಕಟವಾಯಿತು. ನಾವಿಂದು ಸಲೀಸಾಗಿ ಬಳಸುವ ಚಾಲುಕ್ಯ ಶೈಲಿ, ದ್ರಾವಿಡ ಶೈಲಿ ಎಂಬ ವಿಂಗಡಣೆಗಳು ನೆಲೆಗೊಂಡದ್ದು ಈತನ ಗ್ರಂಥಗಳಿಂದ. ಹಳೇಬೀಡಿನ ದೇವಾಲಯವನ್ನು ಅಥೆನ್ಸಿನ ಪಾರ್ಥೆನಾನಿಗೆ ಎದುರಾಗಿ ನಿಲ್ಲಿಸಿ, ಕಲೆಯ ಎರಡು ತುದಿಗಳೆಂದು ತೂಗಿದನು. ತನ್ನ ನಾಡಿನಲ್ಲಿ ಹೊಸದಾಗಿ ಏಳುತ್ತಿದ್ದ ಗೋಥಿಕ್ ಕಟ್ಟಡಗಳನ್ನು ಹಳೆಯದರ ಬರಿಯ ಅನುಕರಣವೆಂದು ಟೀಕಿಸಿದನು. ಆದರೂ ಬ್ರಿಟಿಷ್ ವಾಸ್ತುಶಿಲ್ಪಿಗಳ ರಾಯಲ್ ಸಂಸ್ಥೆಯು 1871ರಲ್ಲಿ ಈತನಿಗೆ ಸ್ವರ್ಣಪದಕವನ್ನಿತ್ತು ಗೌರವಿಸಿತು.

ಈತನಲ್ಲಿ ದೋಷವಿರಲಿಲ್ಲವೆ? ಇತ್ತು. ಕಲ್ಲನ್ನು ಮೆಚ್ಚಿದ ಕಣ್ಣು ಜನರನ್ನು ಕಂಡಾಗ ಮಬ್ಬಾಯಿತು. ಕಟ್ಟಡಗಳನ್ನು ಜನಾಂಗ, ಮತಗಳ ಹೆಸರಿನಲ್ಲಿ ಹಂಚಿದನು. ತನ್ನ ಅಭಿಪ್ರಾಯವನ್ನು ಪ್ರಶ್ನಿಸಿದ ಬಂಗಾಳದ ವಿದ್ವಾಂಸ ರಾಜೇಂದ್ರಲಾಲ ಮಿತ್ರರ ಮೇಲೆ 1884ರಲ್ಲಿ ಪುಸ್ತಕವನ್ನೇ ಬರೆದು, ಅವರ ಯೋಗ್ಯತೆಯನ್ನೇ ಹಳಿದನು. ಕಟ್ಟಿದವರ ವಂಶಜರಿಗೆ ಕಟ್ಟಡವನ್ನು ಅರಿಯುವ ಶಕ್ತಿಯಿಲ್ಲವೆಂಬ ಆ ಗರ್ವವನ್ನು ಕ್ಷಮಿಸುವುದು ಕಷ್ಟ. ಮೂಡಬಿದರೆಯ ಬಸದಿಯ ಮಾಡಿನಲ್ಲಿ ಆತನಿಗೆ ದೂರದ ನೇಪಾಳ ಕಂಡಿತು. ನಮ್ಮ ಆಷಾಢದ ಮಳೆಯಲ್ಲಿ ಒಮ್ಮೆ ನೆನೆದವನಿಗಾದರೋ ಆ ಇಳಿಜಾರಿನ ಅರ್ಥ ಹತ್ತಿರದಲ್ಲಿಯೇ ಹೊಳೆಯುತ್ತದೆ.

1886ರ ಜನವರಿಯಲ್ಲಿ ಲಂಡನ್ನಿನಲ್ಲಿ ಫರ್ಗ್ಯುಸನ್ ತೀರಿಕೊಂಡನು. ಆತನ ಶ್ರದ್ಧೆಯನ್ನು ನಾವು ಕಲಿಯೋಣ, ಗರ್ವವನ್ನು ಬಿಡೋಣ. ನಮ್ಮೂರಿನ ಕಲ್ಲುಗಳನ್ನು ಅಳೆದು ಬರೆಯುವ ಕೆಲಸ ಇನ್ನು ನಮ್ಮದು.