ಶಾಲೆ ಮುಗಿಸದ ಮುತ್ತುರಾಜ, ಅಕ್ಷರ ನುಂಗದ ಅಣ್ಣಾವ್ರು

ಚಾಮರಾಜನಗರ: ನಮ್ಮ ಕಡೆಯವರು ಬೆಂಗಳೂರಿಗೆ ಹೋಗಿ ಬಾಯಿ ಬಿಟ್ಟರೆ ಸಾಕು, ಎದುರಿಗಿದ್ದವರು ಮುಸಿಮುಸಿ ನಗ್ತಾರೆ. ಹಕಾರ ಹಾರಿಹೋಗುತ್ತೆ, ಶಕಾರ ಸಕಾರ ಆಗುತ್ತೆ ಅನ್ನೋದು ಅವರ ದೂರು. ಆದರೆ ಸ್ಪಷ್ಟ ಕನ್ನಡ ಹೀಗಿರಬೇಕು ಅಂತ ಇಡೀ ನಾಡಿಗೆ ಕೇಳಿಸಿದ ದನಿ ಇದೇ ಸೀಮೆಯದ್ದು.

ಡಾ. ರಾಜ್‌ಕುಮಾರ್ ಹುಟ್ಟಿದ್ದು 1929ರ ಏಪ್ರಿಲ್ 24ರಂದು. ಮೊದಲ ಹೆಸರು ಮುತ್ತುರಾಜ. ಗಾಜನೂರು ಈಗ ತಮಿಳುನಾಡಿಗೆ ಸೇರಿದ್ದರೂ ಅಲ್ಲಿನ ಮನೆಮಾತು ನಮ್ಮದೇ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ರಂಗನಟರು, ಪೌರಾಣಿಕ ಪಾತ್ರಗಳಿಗೆ ಹೆಸರಾದವರು. ಬಡತನದ ಮನೆ. ಹುಡುಗ ಪ್ರಾಥಮಿಕ ಶಾಲೆಯನ್ನೂ ಮುಗಿಸಲಿಲ್ಲ, ಅಪ್ಪನ ಜೊತೆ ನಾಟಕ ಕಂಪನಿ ಸೇರಿಕೊಂಡ.

ಗುಬ್ಬಿ ವೀರಣ್ಣನವರ ಕಂಪನಿಯೇ ಅವರ ಪಾಠಶಾಲೆ. ಮೈಕ್ ಇನ್ನೂ ಅಪರೂಪವಾಗಿದ್ದ ಕಾಲ ಅದು. ನೆಲದ ಮೇಲೆ ಕೂತವನಿಗೂ, ಹಿಂದುಗಡೆ ಕಂಬಕ್ಕೆ ಒರಗಿ ನಿಂತವನಿಗೂ ಮಾತು ಮುಟ್ಟಬೇಕು. ಬರೀ ಕಿರುಚಿದರೆ ಆಗಲ್ಲ, ಅರ್ಥ ಕೆಡುತ್ತೆ. ಒತ್ತಕ್ಷರ ಒತ್ತಬೇಕು, ಮಹಾಪ್ರಾಣಕ್ಕೆ ಉಸಿರು ಕೊಡಬೇಕು, ವಾಕ್ಯದ ಕೊನೆಯ ಅಕ್ಷರ ಗಂಟಲಲ್ಲೇ ಉಳಿಯಬಾರದು. ಪುಟಗಟ್ಟಲೆ ಮಾತನ್ನು ಕಿವಿಯಲ್ಲಿ ಕೇಳಿ ಕಲಿಯಬೇಕು. ಶಾಲೆ ತಪ್ಪಿದ ಹುಡುಗನಿಗೆ ಇದರಿಂದ ಒಳ್ಳೇದೇ ಆಯ್ತೇನೋ ಅನ್ನಿಸುತ್ತೆ.

1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ 'ಬೇಡರ ಕಣ್ಣಪ್ಪ' ಬಂತು. ಮುತ್ತುರಾಜ ರಾಜ್‌ಕುಮಾರ್ ಆದರು. ಮುಂದೆ 200ಕ್ಕೂ ಹೆಚ್ಚು ಚಿತ್ರ. ಅವೆಲ್ಲಾ ನಿಮಗೆ ಗೊತ್ತಿರೋದೇ.

ಮಾತಿನ ರುಚಿ ನೋಡಬೇಕಂದ್ರೆ 1977ರ 'ಬಭ್ರುವಾಹನ' ಹಾಕಿ. ಅರ್ಜುನನೂ ಅವರೇ, ಮಗ ಬಭ್ರುವಾಹನನೂ ಅವರೇ. ಇಬ್ಬರೂ ಜಗಳಕ್ಕೆ ನಿಂತಾಗ ಒಬ್ಬರದು ಹಿರಿಯನ ಗರ್ವ, ಇನ್ನೊಬ್ಬರದು ನೊಂದ ಮಗನ ಸಿಟ್ಟು. ಎರಡರಲ್ಲೂ ಒಂದು ಅಕ್ಷರ ಕೂಡ ಜಾರಲ್ಲ. ಹಾಡಿಗೂ ಅಷ್ಟೇ. ಬಹುಕಾಲ ಪಿ.ಬಿ. ಶ್ರೀನಿವಾಸ್ ಅವರಿಗೆ ದನಿಯಾಗಿದ್ದರು. 1974ರ 'ಸಂಪತ್ತಿಗೆ ಸವಾಲ್' ನಂತರ ತಾವೇ ಹೆಚ್ಚಾಗಿ ಹಾಡಿದರು. 'ಜೀವನ ಚೈತ್ರ'ದ ಹಾಡಿಗೆ ಗಾಯನದ ರಾಷ್ಟ್ರಪ್ರಶಸ್ತಿಯೂ ಬಂತು.

1982ರಲ್ಲಿ ಗೋಕಾಕ್ ಚಳವಳಿಗೆ ಇಳಿದಾಗ ಊರೂರಿಗೆ ಜನ ಸೇರಿದ್ದು ಸುಮ್ಮನೆ ಅಲ್ಲ. ಕನ್ನಡಕ್ಕಾಗಿ ಕೇಳೋಕೆ ಬಂದವರ ಬಾಯಲ್ಲೇ ಕನ್ನಡ ಅಷ್ಟು ಚೆಂದ ಇತ್ತು.

2006ರ ಏಪ್ರಿಲ್ 12ರಂದು ತೀರಿಕೊಂಡರು. ಸಿನಿಮಾದಲ್ಲಿ ಗ್ರಂಥದ ಕನ್ನಡ ಆಡಿದವರು ಊರಿಗೆ ಬಂದರೆ ಊರವರ ಜೊತೆ ಊರಿನ ಮಾತೇ ಆಡ್ತಿದ್ದರು.