ಲೂಯಿ ಪಾಶ್ಚರ್: ಲಕ್ವ ಹೊಡೆದ ಮೇಲಿನ ಇಪ್ಪತ್ತೇಳು ವರ್ಷ

ಲೂಯಿ ಪಾಶ್ಚರ್ ಎಂದ ಕೂಡಲೇ ನಮಗೆ ನೆನಪಾಗುವುದು ಹಾಲಿನ ಪ್ಯಾಕೆಟ್ಟಿನ ಮೇಲಿನ ‘ಪಾಶ್ಚರೈಸ್ಡ್’ ಎಂಬ ಪದ ಮತ್ತು ಹುಚ್ಚುನಾಯಿ ಕಡಿತದ ಚುಚ್ಚುಮದ್ದು. ಶಾಲೆಯಲ್ಲಿ ಓದಿದ್ದೂ ಅಷ್ಟೇ. ಆ ಚುಚ್ಚುಮದ್ದನ್ನು ಕಂಡುಹಿಡಿಯುವ ಹೊತ್ತಿಗೆ ಅವರ ಎಡಗೈ, ಎಡಗಾಲು ಸ್ವಾಧೀನ ತಪ್ಪಿ ಹದಿನಾರು ವರ್ಷಗಳಾಗಿದ್ದವು ಎಂಬುದನ್ನು ಯಾವ ಪಾಠದಲ್ಲೂ ಓದಿದ ನೆನಪು ನನಗಿಲ್ಲ. ನಮ್ಮ ಮಾವನವರಿಗೆ ಲಕ್ವ ಹೊಡೆದು ಮನೆಯಲ್ಲಿ ಮಲಗಿದ್ದಾಗ ಪಾಶ್ಚರರ ಜೀವನಚರಿತ್ರೆಯೊಂದು ಕೈಗೆ ಸಿಕ್ಕಿತು. ಹಾಗಾಗಿ ನಾನು ಅದನ್ನು ಓದಿದ್ದೇ ಬೇರೆ ರೀತಿಯಲ್ಲಿ.

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ದೋಲ್ ಎಂಬ ಊರಿನಲ್ಲಿ. ತಂದೆ ಚರ್ಮ ಹದ ಮಾಡುವವರು. ಹುಡುಗನ ಕೈಯಲ್ಲಿ ಕಲೆಯಿತ್ತು. ಅಪ್ಪ, ಅಮ್ಮ, ಊರಿನವರನ್ನೆಲ್ಲ ಕೂರಿಸಿಕೊಂಡು ಬಣ್ಣದ ಕಡ್ಡಿಗಳಿಂದ ಅವರ ಚಿತ್ರ ಬರೆಯುತ್ತಿದ್ದ. ಆ ಚಿತ್ರಗಳು ಇಂದಿಗೂ ಉಳಿದಿವೆ. ಮುಂದೆ ಪ್ಯಾರಿಸ್ಸಿಗೆ ಬಂದು ರಸಾಯನಶಾಸ್ತ್ರ ಓದಿ, 1848ರಲ್ಲಿ ಮೊದಲ ದೊಡ್ಡ ಶೋಧ ಮಾಡಿದ್ದೂ ಕೈಚಳಕದಿಂದಲೇ. ಒಂದೇ ರಾಸಾಯನಿಕದ ಸಣ್ಣ ಹರಳುಗಳಲ್ಲಿ ಎರಡು ಬಗೆ ಇವೆ, ಒಂದು ಮತ್ತೊಂದರ ಕನ್ನಡಿ ಬಿಂಬದಂತಿದೆ ಎಂದು ಗುರುತಿಸಿ, ನಾವು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಚಿಮಟದಿಂದ ಒಂದೊಂದನ್ನೇ ಆರಿಸಿ ಬೇರೆ ಮಾಡಿದರು. ಇಂಥ ಕೈಯಿದ್ದವರಿಗೆ ಕೈ ಹೋಗುವುದೆಂದರೇನು ಎಂದು ತಿಳಿಯಲೆಂದು ಇದನ್ನು ಹೇಳಿದೆ.

1849ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮೇರಿ ಲೋರಾಂ ಅವರ ಜೊತೆ ಮದುವೆಯಾಯಿತು. ಐದು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು: 1859ರಲ್ಲಿ ಜೀನ್, 1865ರಲ್ಲಿ ಎರಡು ವರ್ಷದ ಕಮೀಲ್, ಮರುವರ್ಷ ಹನ್ನೆರಡರ ಸೆಸೀಲ್. 1865ರಲ್ಲಿ ತಂದೆಯೂ ಹೋದರು. ಅದೇ ವರ್ಷ ದಕ್ಷಿಣ ಫ್ರಾನ್ಸಿನ ಅಲೆ ಪಟ್ಟಣದ ಸುತ್ತ ರೇಷ್ಮೆ ಹುಳುಗಳಿಗೆ ರೋಗ ತಗುಲಿ ರೈತರು ಹಾಳಾಗುತ್ತಿದ್ದರು. ಸರ್ಕಾರದ ಪರವಾಗಿ ಅದನ್ನು ನೋಡಲು ಪಾಶ್ಚರ್ ಹೋದರು. ಅಲ್ಲಿಯವರೆಗೆ ಅವರು ರೇಷ್ಮೆ ಹುಳುವನ್ನು ಮುಟ್ಟಿದವರೇ ಅಲ್ಲ. ಮೇರಿ ಮತ್ತು ಉಳಿದ ಒಬ್ಬಳೇ ಮಗಳು ಮೇರಿ ಲೂಯಿಸ್ ಕೂಡ ಹೋಗಿ, ಹಿಪ್ಪುನೇರಳೆ ಸೊಪ್ಪು ಹಾಕಿ ಹುಳು ಸಾಕಿದರು, ಮೊಟ್ಟೆ ವಿಂಗಡಿಸಿದರು.

1868ರ ಅಕ್ಟೋಬರ್ 19, ಸೋಮವಾರ. 46 ತುಂಬಲು ಇನ್ನೆರಡು ತಿಂಗಳು. ಬೆಳಿಗ್ಗೆಯೇ ಎಡಭಾಗದಲ್ಲಿ ಜೋಮು ಹಿಡಿದಂತಾಯಿತು. ಆದರೂ ಮಧ್ಯಾಹ್ನ ವಿಜ್ಞಾನ ಅಕಾಡೆಮಿಯ ಸಭೆಗೆ ಹೋಗಿಯೇ ಹೋದರು. ಗೆಳೆಯರ ಜೊತೆ ನಡೆದುಕೊಂಡೇ ಮನೆಗೆ ಬಂದು, ಊಟ ಮಾಡಿ, ಒಂಬತ್ತಕ್ಕೆ ಮಲಗಿದರು. ಮಲಗಿದ ಸ್ವಲ್ಪ ಹೊತ್ತಿಗೆ ಮಾತು ನಿಂತಿತು. ಕಷ್ಟಪಟ್ಟು ಮನೆಯವರನ್ನು ಕರೆಯುವಷ್ಟರಲ್ಲಿ ಎಡಗೈ, ಎಡಗಾಲು ಎರಡೂ ಬಿದ್ದುಹೋದವು. (ಬೆಳಗಿನ ಆ ಜೋಮನ್ನು ಕಡೆಗಣಿಸಿದ್ದು ಆ ಕಾಲಕ್ಕೆ ತಪ್ಪಲ್ಲ, ವೈದ್ಯರ ಬಳಿ ಆಗ ಕೊಡಲು ಏನೂ ಇರಲಿಲ್ಲ. ಇಂದು ಹಾಗಲ್ಲ. ರಕ್ತ ಹೆಪ್ಪುಗಟ್ಟಿ ಆದ ಲಕ್ವವಾದರೆ, ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಮಲಗಿ ಎದ್ದರೆ ಸರಿಹೋಗುತ್ತದೆ ಎಂದು ಯಾರೂ ಕಾಯಬೇಡಿ.)

ಜಿಗಣೆ ಹಚ್ಚಿ ರಕ್ತ ತೆಗೆಸಿದರು. ಮಾತು ಮರಳಿತು, ಬುದ್ಧಿ ಮೊದಲಿನಂತೆಯೇ ಚುರುಕಾಗಿತ್ತು. ಕೈಕಾಲು ಮಾತ್ರ ಬರಲಿಲ್ಲ. ಸಾವು ಹತ್ತಿರವಾಯಿತೆಂದು ಅವರೇ ನಂಬಿದ್ದರು, ಇನ್ನೂ ಮಾಡಬೇಕಾದ ಕೆಲಸವಿತ್ತು ಎಂದು ಗೆಳೆಯರೊಡನೆ ಕೊರಗಿದರು. ಶಿಷ್ಯರು ಸರದಿಯ ಮೇಲೆ ರಾತ್ರಿ ಕಾವಲು ಕೂತರು. ಒಂದು ವಾರ ಕಳೆದಿತ್ತಷ್ಟೆ, ಒಂದು ರಾತ್ರಿ ಕಾವಲಿಗಿದ್ದ ಜೆರ್ನೆ ಎಂಬ ಶಿಷ್ಯನಿಗೆ ಪಾಶ್ಚರ್ ರೇಷ್ಮೆ ಹುಳುವಿನ ರೋಗದ ಬಗ್ಗೆ ಒಂದು ಟಿಪ್ಪಣಿ ಹೇಳತೊಡಗಿದರು. ಆತ ಬರೆದುಕೊಂಡ. ಅದು ಅಕಾಡೆಮಿಗೂ ಹೋಯಿತು.

ಇನ್ನೊಂದು ಸಂಗತಿ. ಅವರಿಗಾಗಿ ಸರ್ಕಾರ ಕಟ್ಟಿಸುತ್ತಿದ್ದ ಪ್ರಯೋಗಶಾಲೆಯ ಕೆಲಸ ಲಕ್ವ ಹೊಡೆದ ಸುದ್ದಿ ಬಂದದ್ದೇ ನಿಂತುಹೋಯಿತು. ಹೇಗೂ ಸಾಯುವವರಿಗೆ ಕಟ್ಟಡ ಯಾಕೆ ಎಂಬ ಲೆಕ್ಕಾಚಾರ. ಕೆಲಸಗಾರರು ಕಾಣುತ್ತಿಲ್ಲವೇಕೆ ಎಂದು ಪಾಶ್ಚರ್ ಕೇಳಿದಾಗಲೆಲ್ಲ ಮನೆಯವರು ಏನಾದರೊಂದು ಹೇಳಿ ಮಾತು ತೇಲಿಸುತ್ತಿದ್ದರು. ಕೊನೆಗೆ ನೋಡಲು ಬಂದ ಸೇನಾಧಿಕಾರಿಯೊಬ್ಬರ ಮೂಲಕ ವಿಷಯ ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಕಿವಿಗೆ ಬಿದ್ದು, ಕೆಲಸ ಮತ್ತೆ ಶುರುವಾಯಿತು. ಔಷಧಿಗಿಂತ ಆ ಸುತ್ತಿಗೆಯ ಸದ್ದೇ ಅವರನ್ನು ಹೆಚ್ಚು ಚೇತರಿಸಿರಬೇಕು ಎಂದು ನನಗನ್ನಿಸುತ್ತದೆ. ಲಕ್ವವಾದವರ ಎದುರೇ ಅವರ ಅಂಗಡಿ, ಮೇಜು, ಸ್ಕೂಟರ್ ಬಗ್ಗೆ ಬೇರೆಯವರು ತೀರ್ಮಾನ ಮಾಡಿಬಿಡುವುದು ನಮ್ಮ ಮನೆಗಳಲ್ಲೂ ನಡೆಯುತ್ತದಲ್ಲವೇ?

ಮೂರೇ ತಿಂಗಳಿಗೆ, 1869ರ ಜನವರಿಯಲ್ಲಿ, ಎಲ್ಲರೂ ಬೇಡವೆಂದರೂ ಪಾಶ್ಚರ್ ಅಲೆ ಕಡೆಗೆ ಹೊರಟರು. ರೇಷ್ಮೆಯ ಹಂಗಾಮು ಬರುತ್ತಿತ್ತು, ಹುಳುಗಳು ಕಾಯುವುದಿಲ್ಲ. ತಾವೇ ಬಗ್ಗಿ ಹುಳು ನೋಡಲಾಗದು, ಮೆಟ್ಟಿಲು ಹತ್ತಲಾಗದು. ಕುಳಿತಲ್ಲಿಂದಲೇ ಪ್ರತಿದಿನದ ಕೆಲಸ ಹಂಚಿದರು, ಸಂಜೆ ಎಲ್ಲರ ವರದಿ ಕೇಳಿದರು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಲು, ಬಲಗೈಯಲ್ಲಿ ಬರೆಯಲು ಅಡ್ಡಿಯಿರಲಿಲ್ಲ.

ಅವರು ರೂಪಿಸಿದ ವಿಧಾನ ಸರಳ. ಪ್ರತಿ ಹೆಣ್ಣು ಚಿಟ್ಟೆಯನ್ನು ಬೇರೆ ಬೇರೆ ಬಟ್ಟೆಯ ತುಂಡಿನ ಮೇಲೆ ಮೊಟ್ಟೆಯಿಡಲು ಬಿಡುವುದು. ಆಮೇಲೆ ಆ ಚಿಟ್ಟೆಯನ್ನು ನೀರಿನಲ್ಲಿ ಅರೆದು ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ರೋಗದ ಕಣ ಕಂಡರೆ ಅದರ ಮೊಟ್ಟೆ ಸುಡುವುದು. ನಮ್ಮ ರಾಮನಗರ, ಚನ್ನಪಟ್ಟಣದ ಕಡೆಯ ರೇಷ್ಮೆ ಬೆಳೆಗಾರರಿಗೆ ಇದು ಹೊಸದಲ್ಲ. ಅವರು ಗಂಟು ರೋಗ ಎನ್ನುವುದು ಇದನ್ನೇ. ಮೊಟ್ಟೆ ತಯಾರಿಸುವ ಗ್ರೈನೇಜುಗಳಲ್ಲಿ ತಾಯಿ ಚಿಟ್ಟೆಯ ಪರೀಕ್ಷೆ ಇಂದಿಗೂ ಇದೇ ತತ್ವದ ಮೇಲೆ ನಡೆಯುತ್ತದೆ. ರೇಷ್ಮೆ ಸೀರೆಯ ಹಿಂದೆ ಇದೂ ಒಂದಿದೆ ಎಂದು ನನಗೆ ತಿಳಿದಿರಲಿಲ್ಲ.

ಆ ವರ್ಷದ ಕೊನೆಗೆ ಚಕ್ರವರ್ತಿ ಅವರನ್ನು ಟ್ರಿಯೆಸ್ಟ್ ಬಳಿಯ ರಾಜಮನೆತನದ ಎಸ್ಟೇಟಿಗೆ ಕಳಿಸಿದ. ಅಲ್ಲಿ ಹತ್ತು ವರ್ಷಗಳಿಂದ ಕೆಟ್ಟಿದ್ದ ರೇಷ್ಮೆ ಬೆಳೆ ಲಾಭ ಕೊಟ್ಟಿತು. ರೇಷ್ಮೆ ಹುಳುವಿನ ರೋಗದ ಬಗೆಗಿನ ಎರಡು ಸಂಪುಟಗಳ ಪುಸ್ತಕವನ್ನು ಅಲ್ಲಿಯೇ ಮುಗಿಸಿದರು. ಅವರು ಹೇಳುತ್ತ ಹೋದರು, ಮೇರಿ ಬರೆಯುತ್ತ ಹೋದರು. 1870ರಲ್ಲಿ ಅದು ಅಚ್ಚಾಯಿತು.

ಮೇರಿಯ ಬಗ್ಗೆ ಜೀವನಚರಿತ್ರೆಕಾರರು ಹೊಗಳಿಯೇ ಬರೆದಿದ್ದಾರೆ, ಆದರೆ ಬೇಗ ಮುಗಿಸುತ್ತಾರೆ. ಮದುವೆಯಾದಾಗಿನಿಂದ ಗಂಡ ಹೇಳಿದ್ದನ್ನು ಬರೆದುಕೊಳ್ಳುವುದು, ಶುದ್ಧಪ್ರತಿ ತೆಗೆಯುವುದು, ಸಂಜೆ ಪತ್ರಿಕೆ ಓದಿ ಹೇಳುವುದು ಅವರ ದಿನಚರಿ. ಬರೆಯುತ್ತ ಬರೆಯುತ್ತ ವಿಷಯವನ್ನೂ ತಿಳಿದುಕೊಂಡಿದ್ದರಿಂದ ಪ್ರಶ್ನೆ ಕೇಳುತ್ತಿದ್ದರು. ಲಕ್ವದ ನಂತರ ಮನುಷ್ಯನನ್ನು ಎಬ್ಬಿಸಿ, ಕೂರಿಸಿ, ಬಟ್ಟೆ ತೊಡಿಸುವ ಭಾರವೂ ಆ ಮನೆಯ ಮೇಲೆ ಬಿತ್ತು. ಪಾಶ್ಚರ್ ಸುಲಭದ ಮನುಷ್ಯರಲ್ಲ. ಊಟಕ್ಕೆ ಕೂತರೆ ಬ್ರೆಡ್ಡನ್ನು ಪುಡಿ ಪುಡಿ ಮಾಡಿ ಪರೀಕ್ಷಿಸುವರು, ತಟ್ಟೆ ಲೋಟಗಳನ್ನು ಮತ್ತೆ ಮತ್ತೆ ಒರೆಸುವರು. ಇಂಥವರ ಜೊತೆ ಇಪ್ಪತ್ತೇಳು ವರ್ಷ! ಅವರಿಗೆ ಸುಸ್ತಾಗಲಿಲ್ಲವೇ?

ಇಲ್ಲಿ ನಮ್ಮ ಮನೆಯ ಮಾತು ಹೇಳಿಬಿಡುತ್ತೇನೆ. ಮಾವನವರಿಗೂ ಎಡಭಾಗವೇ. ಬಲಗೈ ನೆಟ್ಟಗಿದ್ದರೂ ನಾನೇ ಕಲಸಿ ತಿನ್ನಿಸುತ್ತಿದ್ದೆ, ನಾನೇ ಅಂಗಿ ಹಾಕುತ್ತಿದ್ದೆ. ಬೇಗ ಮುಗಿಯುತ್ತಿತ್ತು, ಸೇವೆ ಮಾಡಿದ ಸಮಾಧಾನವೂ ಇತ್ತು. ಮನೆಗೆ ಬಂದ ಆಕ್ಯುಪೇಷನಲ್ ಥೆರಪಿಸ್ಟ್ ಹುಡುಗಿ ಎರಡು ದಿನ ಸುಮ್ಮನೆ ನೋಡಿದಳು. ಮೂರನೇ ದಿನ ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಹಾಸಿ ಅದು ಜಾರದಂತೆ ಮಾಡಿ, ನನ್ನನ್ನು ಅಡುಗೆಮನೆಗೆ ಕಳಿಸಿದಳು. ಅಂಗಿ ಹಾಕುವಾಗ ಬಿದ್ದ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ ಎಂದು ಮಾವನವರಿಗೇ ಕಲಿಸಿದಳು. ಮೊದಲ ದಿನ ಅಂಗಿಗೆ ಇಪ್ಪತ್ತೈದು ನಿಮಿಷ ಬೇಕಾಯಿತು. ಬಾಗಿಲ ಹಿಂದೆ ನಿಂತು ನೋಡುತ್ತಿದ್ದ ನನಗೆ ಅಳು ಬಂತು. ಅಷ್ಟು ದಿನ ನಾನು ಅವರ ಕೈಯಿಂದ ಏನನ್ನು ಕಿತ್ತುಕೊಂಡಿದ್ದೆ ಎಂದು ಆಗ ತಿಳಿಯಿತು.

ಪಾಶ್ಚರರ ಕಾಲದಲ್ಲಿ ಈ ವೃತ್ತಿಯೇ ಇರಲಿಲ್ಲ. ಅದು ರೂಪುಗೊಂಡದ್ದು ಇಪ್ಪತ್ತನೇ ಶತಮಾನದ ಆರಂಭದ ಅಮೆರಿಕದಲ್ಲಿ. ಭಾರತಕ್ಕೆ ಅದನ್ನು ತಂದವರೂ ಹೆಣ್ಣುಮಗಳೇ. ಅಮೆರಿಕದಲ್ಲಿ ಹುಟ್ಟಿ ಮರಾಠಿ ಮನೆಗೆ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್ 1950ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಇದನ್ನು ಕಲಿಸುವ ಶಾಲೆ ತೆರೆದರು. ಹಾಗಿದ್ದರೂ ಪಾಶ್ಚರರ ಸುತ್ತಲಿನವರು ಗೊತ್ತಿಲ್ಲದೆಯೇ ಅದನ್ನೇ ಮಾಡಿದರು. ಆಗದ ಕೆಲಸಕ್ಕೆ ಬೇರೆಯವರ ಕೈ, ಆಗುವ ಕೆಲಸಕ್ಕೆ ಅವರದೇ ಕೈ. ಗಾಜಿನ ಕೊಳವೆ ಹಿಡಿಯುವುದು, ಪ್ರಾಣಿಗಳಿಗೆ ಸೂಜಿ ಚುಚ್ಚುವುದೆಲ್ಲ ರೂ, ಶಾಂಬರ್ಲಾಂ, ಹೆಂಡತಿಯ ಸೋದರಿಯ ಮಗ ಲುವಾರ್ ಮುಂತಾದವರದು. ಯೋಚನೆ, ನೋಟ, ದಾಖಲೆ ಪಾಶ್ಚರರದು. ನೆರವಿಗೆ ಇಷ್ಟು ಜನರಿದ್ದದ್ದು ಅವರ ಭಾಗ್ಯ, ಎಲ್ಲರಿಗೂ ಹಾಗಿರುವುದಿಲ್ಲ ಎಂಬುದನ್ನೂ ಹೇಳಬೇಕು.

ಹೀಗೆ ಕಾಲೆಳೆಯುತ್ತ, ಮುಷ್ಟಿ ಬಿಗಿದ ಎಡಗೈಯೊಂದಿಗೆ ಮಾಡಿದ ಕೆಲಸಗಳ ಪಟ್ಟಿ ದೊಡ್ಡದು. ಕೋಳಿಗಳ ಕಾಲರಾ ರೋಗಾಣುವಿನ ಮೇಲಿನ ಪ್ರಯೋಗದಿಂದ ಲಸಿಕೆಯ ದಾರಿ ಸಿಕ್ಕಿತು. 1881ರಲ್ಲಿ ಪುಯಿ-ಲ-ಫೋರ್ ಎಂಬ ಹಳ್ಳಿಯಲ್ಲಿ ಕುರಿಗಳಿಗೆ ಆಂಥ್ರಾಕ್ಸ್ ಲಸಿಕೆಯ ಬಹಿರಂಗ ಪರೀಕ್ಷೆ ನಡೆಯಿತು. 1885ರ ಜುಲೈ 6ರಂದು ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರನನ್ನು ತಾಯಿ ಕರೆತಂದಾಗ ಸೂಜಿ ಚುಚ್ಚಿದ್ದು ಡಾಕ್ಟರ್ ಗ್ರಾಂಶೆ. ಪಾಶ್ಚರ್ ವೈದ್ಯರಲ್ಲವಾದ್ದರಿಂದ ಅವರು ಚುಚ್ಚುವಂತಿರಲಿಲ್ಲ. 13 ಚುಚ್ಚುಮದ್ದು ಮುಗಿಯುವವರೆಗೂ ಅವರಿಗೆ ನಿದ್ದೆಯಿಲ್ಲ. ಹುಡುಗ ಬದುಕಿದ.

1887ರಲ್ಲಿ ಮತ್ತೊಂದು ಆಘಾತ, ಈ ಸಲ ನಾಲಿಗೆಯ ಮೇಲೆ. ಮಾತು ಮೊದಲಿನಂತೆ ಮರಳಲಿಲ್ಲ. 1888ರ ನವೆಂಬರ್ 14ರಂದು ಪಾಶ್ಚರ್ ಸಂಸ್ಥೆಯ ಉದ್ಘಾಟನೆಯಲ್ಲಿ ಅವರ ಭಾಷಣವನ್ನು ಮಗ ಓದಿದ. 1892ರಲ್ಲಿ ಎಪ್ಪತ್ತರ ಸಮಾರಂಭಕ್ಕೆ ಅವರು ಫ್ರಾನ್ಸಿನ ಅಧ್ಯಕ್ಷರ ತೋಳು ಹಿಡಿದು ಒಳಬಂದರು. ಅಂದೂ ಭಾಷಣ ಓದಿದ್ದು ಮಗನೇ.

1895ರ ಸೆಪ್ಟೆಂಬರ್ 28ರಂದು ಪ್ಯಾರಿಸ್ ಹೊರವಲಯದಲ್ಲಿ ಪಾಶ್ಚರ್ ತೀರಿಕೊಂಡರು. ಅವರ ಸಮಾಧಿ ಸಂಸ್ಥೆಯ ಕಟ್ಟಡದ ನೆಲಮಾಳಿಗೆಯಲ್ಲಿದೆ. ಮೇರಿ ಆಮೇಲೂ ಹದಿನೈದು ವರ್ಷ ಬದುಕಿದ್ದರು. 1910ರಲ್ಲಿ ಅವರನ್ನೂ ಅಲ್ಲಿಯೇ, ಗಂಡನ ಹತ್ತಿರದಲ್ಲೇ ಮಣ್ಣು ಮಾಡಿದರು.